ಮುಂಬೈಯಿಂದ ಒಂದೇ ದಿನದಲ್ಲಿ ಬಿಸಿನೀರಿನ ಕುಂಡಕ್ಕೆ ಹೋಗಿ ಬರೋದು ಹೇಗೆ? ಹಂತ ಹಂತವಾಗಿ ಪೂರ್ತಿ ವಿವರ

ಚಳಿ ಶುರುವಾಯ್ತು ಅಂದ್ರೆ ಸಾಕು, ಡೊಂಬಿವಲಿ, ಮುಲುಂಡ್, ಮೀರಾ ರೋಡ್ ಕಡೆ ಇರೋ ನಮ್ಮ ಕನ್ನಡದವ್ರು ತುಳುವ್ರು ಎಲ್ಲಾ ಒಂದೇ ಮಾತು ಹೇಳ್ತಾರೆ, "ವಜ್ರೇಶ್ವರಿಗೆ ಹೋಗಿದ್ವಿ, ಆದ್ರೆ ಬಿಸಿನೀರಲ್ಲಿ ಇಳಿಯೋಕೇ ಆಗ್ಲಿಲ್ಲ". ವಜ್ರೇಶ್ವರಿ ಅಂದ್ರೆ ಮುಂಬೈ ಹತ್ತಿರದ ದೇವಿ ಕ್ಷೇತ್ರ, ಸುತ್ತಮುತ್ತ ಬಿಸಿನೀರಿನ ಕುಂಡಗಳಿವೆ. ಒಬ್ರಿಗೆ ಕುಂಡ ಎಲ್ಲಿದೆ ಅಂತಾನೇ ಗೊತ್ತಾಗ್ಲಿಲ್ಲ, ದೇವಿ ದರ್ಶನ ಮಾಡಿ ವಾಪಸ್ ಬಂದ್ರು. ಇನ್ನೊಬ್ರು ಕಾಲಿಟ್ಟ ತಕ್ಷಣ ಚುರ್ ಅಂದು ಮೇಲೆ ಬಂದ್ರು. ಮತ್ತೊಬ್ರು ಮಧ್ಯಾಹ್ನ ಹನ್ನೆರಡಕ್ಕೆ ತಲುಪಿ ಜನ ನೋಡಿಯೇ ತಿರುಗಿಬಿಟ್ರು. ಇವರೆಲ್ಲಾ ತಪ್ಪಿದ್ದು ದಾರಿಯಲ್ಲಲ್ಲ, ಕ್ರಮದಲ್ಲಿ. ಮೊದಲು ಮ್ಯಾಪ್ ನೋಡ್ತಾರೆ, ಆಮೇಲೆ ಗಾಡಿ ತೆಗೀತಾರೆ, ಕೊನೆಗೆ ನೀರು ನೋಡ್ತಾರೆ. ಇದು ಉಲ್ಟಾ ಆಗ್ಬೇಕು, ಮೊದಲು ಕಾಲ ನೋಡಿ, ಆಮೇಲೆ ಯಾವ ಕುಂಡ, ಆಮೇಲೆ ಯಾರ್ಯಾರು ಇಳೀಬಹುದು, ಅದೆಲ್ಲಾ ಆದ್ಮೇಲೆ ದಾರಿ. ಕೆಳಗೆ ಅದೇ ಕ್ರಮದಲ್ಲಿ ಬರ್ದಿದ್ದೀನಿ, ದಯವಿಟ್ಟು ಮಧ್ಯದಿಂದ ಓದಬೇಡಿ.

## ಹಂತ 1: ಮೊದಲು ತಿಂಗಳು ನೋಡಿ, ಆಮೇಲೆ ವಾರ

ನವೆಂಬರ್ ಕೊನೆಯಿಂದ ಫೆಬ್ರವರಿ ತನಕ, ಅಷ್ಟೇ. ಬೇರೆ ತಿಂಗಳು ಲೆಕ್ಕಕ್ಕೇ ತಗೋಬೇಡಿ ಅಂತ ನಾನು ಹೇಳೋದು, ಕಾರಣ ಕೇಳಿ.

ಮುಂಬೈ ಹತ್ತಿರದ ಕುಂಡಗಳಲ್ಲಿ ಹೆಚ್ಚಿನವು ತಾನ್ಸಾ ಹೊಳೆ ದಂಡೆ ಮೇಲೆ ಅಥವಾ ಅದರ ಆಸುಪಾಸಲ್ಲಿ ಇವೆ. ಮಳೆಗಾಲದಲ್ಲಿ ಹೊಳೆ ಏರಿದ್ರೆ ದಂಡೆ ಮೇಲಿನ ಕುಂಡ ನೀರಡಿಗೆ ಹೋಗುತ್ತೆ, ಬಿಸಿನೀರು ಅಲ್ಲೇ ಕೆಳಗಡೆ ಬರ್ತಾ ಇರುತ್ತೆ ಆದ್ರೆ ನಿಮಗೆ ಕಾಣೋದು ಕೆಂಪು ಮಣ್ಣುನೀರು ಮಾತ್ರ. ಜೊತೆಗೆ ಇನ್ನೊಂದು ಇದೆ. ಮೇಲ್ಗಡೆ ಇರೋದು ತಾನ್ಸಾ ಅಣೆಕಟ್ಟು, ಮುಂಬೈಗೆ ಕುಡಿಯೋ ನೀರು ಕೊಡೋ ಕೆರೆಗಳಲ್ಲಿ ಒಂದು. ಅದು ತುಂಬಿ ಹರಿಯೋಕೆ ಶುರುವಾದ್ರೆ ಕೆಳಗೆ ಹೊಳೆ ನೀರು ಬೇಗ ಏರುತ್ತೆ, ನೀವು ನಿಂತ ಜಾಗದಲ್ಲಿ ಒಂದು ಹನಿ ಮಳೆ ಇಲ್ದೇ ಇದ್ರೂ ಏರುತ್ತೆ. ಹಾಗಾಗಿ ಜುಲೈಯಿಂದ ಸೆಪ್ಟೆಂಬರ್ ತನಕ "ತಾನ್ಸಾ ಓವರ್‌ಫ್ಲೋ" ಅಂತ ಟಿವಿಯಲ್ಲಿ ಬಂದ್ರೆ ಅದನ್ನ ಬರೀ ನೀರಿನ ಕೊರತೆ ತೀರಿತು ಅನ್ನೋ ಸುದ್ದಿ ಅಂತ ಓದಬೇಡಿ, ಹೊಳೆ ಕಡೆ ಬರಬೇಡಿ ಅನ್ನೋ ಸುದ್ದಿ ಅಂತಾನೂ ಓದಿ. ನಾವು ಒಂದ್ಸಲ ಸೆಪ್ಟೆಂಬರಲ್ಲಿ ಮಕ್ಕಳನ್ನ ಕಟ್ಕೊಂಡು ಹೋಗಿ ಮೆಟ್ಟಿಲ ಮೇಲೇ ನಿಂತು ನೋಡಿ ಬಂದಿದ್ದೀವಿ, ಕೆಳಗಿನ ಮೆಟ್ಟಿಲು ಕಾಣ್ತಾನೇ ಇರ್ಲಿಲ್ಲ.

ಅಕ್ಟೋಬರ್ ಮಧ್ಯದ ಹೊತ್ತು ಹೊಳೆ ಇಳಿದಿರುತ್ತೆ ಆದ್ರೆ ಕೆಸರು ಪಾಚಿ ಇರುತ್ತೆ, ಜಾರುತ್ತೆ. ಮಾರ್ಚ್ ನಂತರ ಸೆಕೆ. ಏಪ್ರಿಲ್ ಮೇಯಲ್ಲಿ ಹೊರಗಡೆನೇ ಮೈ ಸುಡ್ತಾ ಇರುವಾಗ ಬಿಸಿನೀರಲ್ಲಿ ಕೂತ್ರೆ ಮೈ ತಣಿಯೋಕೆ ದಾರಿನೇ ಇರಲ್ಲ, ತಲೆ ಸುತ್ತಿ ಬೀಳೋದು ಆಗಲೇ ಜಾಸ್ತಿ.

ಇನ್ನು ವಾರ. ಭಾನುವಾರ ಬೇಡ, ಜನಾನೂ ಜಾಸ್ತಿ, ಲೋಕಲ್ ಟ್ರೇನಿಗೆ ಬ್ಲಾಕ್ (ಹಳಿ ರಿಪೇರಿಗೆ ಅಂತ ಟ್ರೇನ್ ನಿಲ್ಲಿಸೋದು) ಇರೋ ಸಾಧ್ಯತೇನೂ ಜಾಸ್ತಿ. ಸೋಮವಾರ ಶಿವನ ವಾರ, ಮಂಗಳವಾರ ಶುಕ್ರವಾರ ದೇವಿ ವಾರ, ಗುರುವಾರ ಪಕ್ಕದ ಊರು ಗಣೇಶಪುರಿಯಲ್ಲಿ ನಿತ್ಯಾನಂದ ಸ್ವಾಮಿಗಳ ಸಮಾಧಿಗೆ ಬರೋರು ಜಾಸ್ತಿ. ಉಳಿದಿದ್ದು ಬುಧವಾರ. ರಜೆ ಹಾಕೋಕೆ ಆಗುತ್ತೆ ಅಂದ್ರೆ ಬುಧವಾರನೇ ಹಾಕಿ, ಆಗಲ್ಲ ಅಂದ್ರೆ ಶನಿವಾರ ಬೆಳಕು ಹರಿಯೋ ಹೊತ್ತಿಗೆ ಅಲ್ಲಿರೋ ಹಾಗೆ ಹೊರಡಿ. ಶಿವರಾತ್ರಿ, ನವರಾತ್ರಿ, ಗುರುಪೂರ್ಣಿಮೆ, ಚೈತ್ರ ಅಮಾವಾಸ್ಯೆಯ ಜಾತ್ರೆ, ಕ್ರಿಸ್‌ಮಸ್‌ನಿಂದ ಹೊಸ ವರ್ಷದ ತನಕದ ವಾರ, ಈ ದಿನಗಳಲ್ಲಿ ಸ್ನಾನದ ಆಸೆ ಬಿಟ್ಟು ದರ್ಶನಕ್ಕೆ ಅಂತ ಮಾತ್ರ ಹೋಗಿ.

## ಹಂತ 2: ಯಾವ ಕುಂಡ ಅಂತ ಒಂದನ್ನ ಮಾತ್ರ ಆರಿಸಿ

ವಜ್ರೇಶ್ವರಿ ಅನ್ನೋದು ಒಂದು ಕುಂಡದ ಹೆಸರಲ್ಲ. ಆ ದೇವಸ್ಥಾನದ ಸುತ್ತ ಸುಮಾರು 5 ಕಿ.ಮೀ. ಒಳಗೆ 20ರಷ್ಟು ಬುಗ್ಗೆಗಳಿವೆ. ಎಲ್ಲಾ ನೋಡ್ಕೊಂಡು ಬರ್ತೀವಿ ಅಂತ ಹೊರಟವ್ರು ಯಾವುದರಲ್ಲೂ ನೆಮ್ಮದಿಯಾಗಿ ಕೂತಿರಲ್ಲ, ಹಾಗಾಗಿ ಒಂದು ಮುಖ್ಯ, ಒಂದು ಬದಲಿ, ಅಷ್ಟೇ ಇಟ್ಕೊಳ್ಳಿ.

ಅಕ್ಲೋಲಿ: ವಜ್ರೇಶ್ವರಿಯಿಂದ ಒಂದೆರಡು ಕಿ.ಮೀ., ತಾನ್ಸಾ ದಂಡೆ ಮೇಲೆ, ಪಕ್ಕದಲ್ಲಿ ಶಿವನ ಗುಡಿ. ಕಲ್ಲು ಕಟ್ಟಿದ ಚೌಕದ ಕುಂಡಗಳು ಒಂದರ ಪಕ್ಕ ಒಂದು ಇವೆ, ಬಿಸಿ ಒಂದೊಂದರಲ್ಲಿ ಒಂದೊಂದು ಥರ. ಮೊದಲ ಸಲ ಹೋಗೋರಿಗೆ ನನ್ನ ಸಲಹೆ ಇದೇ, ಯಾಕಂದ್ರೆ ಒಂದು ಜಾಸ್ತಿ ಸುಟ್ರೆ ಪಕ್ಕದ್ದು ನೋಡಬಹುದು.

ಗಣೇಶಪುರಿ: ವಜ್ರೇಶ್ವರಿಯಿಂದ ಸುಮಾರು 2 ಕಿ.ಮೀ. ಭೀಮೇಶ್ವರ ಮಹಾದೇವ ಗುಡಿ ಪಕ್ಕ ಕುಂಡ ಇದೆ. ನಮ್ಮ ಮಂಗಳೂರು, ಕಾಸರಗೋಡು ಕಡೆಯವ್ರಿಗೆ ಈ ಊರು ಹೊಸದಲ್ಲ, ಕಾಞಂಗಾಡಿನಲ್ಲಿದ್ದ ನಿತ್ಯಾನಂದ ಸ್ವಾಮಿಗಳು ಆಮೇಲೆ ಇಲ್ಲಿ ನೆಲೆಸಿ 1961ರಲ್ಲಿ ಸಮಾಧಿಯಾದ್ರು, ಹಾಗಾಗಿ ಮುಂಬೈಯ ಎಷ್ಟೋ ಕರಾವಳಿ ಮನೆಗಳವ್ರು ವರ್ಷಕ್ಕೊಮ್ಮೆ ಬಂದೇ ಬರ್ತಾರೆ. ವಯಸ್ಸಾದವ್ರು ಜೊತೆಗಿದ್ರೆ ಇದು ಅನುಕೂಲ. ಆದ್ರೆ ಇದು ದೇವಸ್ಥಾನದ ಜಾಗ, ಪಿಕ್‌ನಿಕ್ ಅಲ್ಲ, ಗಲಾಟೆ ಮಾಡೋ ಗುಂಪು ಇಲ್ಲಿಗೆ ಬರಬೇಡಿ.

ಉನ್ಹೇರೆ: ನವಿ ಮುಂಬೈ, ಪನ್ವೇಲ್ ಕಡೆ ಇರೋರು ವಜ್ರೇಶ್ವರಿಗೆ ಥಾಣೆ ಟ್ರಾಫಿಕ್ ದಾಟಿ ಹೋಗೋ ಬದಲು ರಾಯಗಡ ಜಿಲ್ಲೆಯ ಪಾಲಿಗೆ ಹೋಗೋದು ಒಳ್ಳೇದು. ಅಷ್ಟವಿನಾಯಕ ಅನ್ನೋ ಎಂಟು ಗಣಪತಿ ಕ್ಷೇತ್ರಗಳಲ್ಲಿ ಒಂದಾದ ಬಲ್ಲಾಳೇಶ್ವರ ಇರೋ ಪಾಲಿ. ಅಲ್ಲಿಂದ ಸುಮಾರು 3 ಕಿ.ಮೀ. ದೂರದಲ್ಲಿ ಉನ್ಹೇರೆ ಕುಂಡ. ಖೋಪೋಲಿ ಮೇಲಿಂದ ಹೋಗಬಹುದು, ಗೋವಾ ಹೈವೇಯ ವಾಕಣ್ ಫಾಟಾದಿಂದಲೂ (ಫಾಟಾ ಅಂದ್ರೆ ರಸ್ತೆ ಕವಲೊಡೆಯೋ ಜಾಗ) ಹೋಗಬಹುದು.

ಹೊಸ ಜಾಗ ಹುಡುಕೋರಿಗೆ ಒಂದು ಸುಳಿವು ಕೊಡ್ತೀನಿ. ಮರಾಠಿಯಲ್ಲಿ ಊನ್ ಅಂದ್ರೆ ಬಿಸಿಲು, ಬಿಸಿ. ಕೊಂಕಣದಲ್ಲಿ ಉನ್ಹೇರೆ, ಉನ್ಹವರೆ, ಉನ್ಹಾಳೆ ಈ ಥರ ಊರ ಹೆಸರು ಕಂಡ್ರೆ ಅಲ್ಲಿ ಬಿಸಿನೀರು ಇದೆ ಅಂತ ತಿಳ್ಕೊಳ್ಳಿ. ಪಾಲಘರದಿಂದ ರತ್ನಾಗಿರಿ ತನಕ ಕರಾವಳಿಗೆ ಸಮಾನಾಂತರವಾಗಿ ಈ ಬುಗ್ಗೆಗಳು ಸಾಲಾಗಿ ಇವೆ. ಇಲ್ಲಿ ಬೆಂಕಿ ಉಗುಳೋ ಬೆಟ್ಟ ಏನೂ ಇಲ್ಲ, ಮಳೆನೀರು ಬಂಡೆಯ ಸೀಳುಗಳಲ್ಲಿ ತುಂಬಾ ಆಳಕ್ಕೆ ಇಳಿದು ಅಲ್ಲಿ ಕಾದು ಇನ್ನೊಂದು ಸೀಳಿನಿಂದ ಮೇಲೆ ಬರುತ್ತೆ. ನಮ್ಮೂರ ಕಡೆ ಪುತ್ತೂರು ಹತ್ತಿರದ ಇರ್ದೆಯಲ್ಲಿ ಸೀರೆ ಹೊಳೆ ಬದಿ ಇರೋ ಬೆಂದ್ರ್ ತೀರ್ಥದ ಹೆಸರೂ ಹೀಗೇ ಬಂದಿದ್ದು, ತುಳುವಲ್ಲಿ ಬೆಂದ್ರ್ ಅಂದ್ರೆ ಬಿಸಿನೀರು. ಊರ ಹೆಸರೇ ಅರ್ಧ ಮ್ಯಾಪ್. ಆದ್ರೆ ರತ್ನಾಗಿರಿ ಕಡೆಯವು ಮುಂಬೈಯಿಂದ ಒಂದು ದಿನಕ್ಕೆ ಆಗಲ್ಲ, ದಯವಿಟ್ಟು ಪ್ರಯತ್ನ ಮಾಡ್ಬೇಡಿ.

## ಹಂತ 3: ಫೋನಲ್ಲಿ ಖಚಿತ ಮಾಡ್ಕೊಳ್ಳೋದು

ಹೆಚ್ಚಿನವ್ರು ಸೋಲೋದು ಇಲ್ಲೇ. "ವಜ್ರೇಶ್ವರಿ ಹಾಟ್ ಸ್ಪ್ರಿಂಗ್" ಅಂತ ಹುಡುಕಿದ್ರೆ ಮೊದಲು ಬರೋದು ರೆಸಾರ್ಟ್‌ಗಳು. ಕೆಲವು ಕಡೆ ನಿಜವಾಗ್ಲೂ ಬುಗ್ಗೆ ನೀರು ಇರಬಹುದು, ಕೆಲವು ಕಡೆ ಕಾಯಿಸಿದ ನೀರಿನ ಟಾಕಿ ಇರಬಹುದು. ದುಡ್ಡು ಕಟ್ಟೋ ಮುಂಚೆ ನೇರವಾಗಿ ಎರಡು ಪ್ರಶ್ನೆ ಕೇಳಿ: ನೀರು ನಿಮ್ಮ ಜಾಗದಲ್ಲೇ ನೆಲದಿಂದ ಬರೋದಾ? ಬಾಯ್ಲರ್ ಇದೆಯಾ? ಹಾರಿಕೆ ಉತ್ತರ ಬಂದ್ರೆ ಬಿಟ್ಟುಬಿಡಿ.

ಎರಡನೇದು, ಬರೀ "ವಜ್ರೇಶ್ವರಿ" ಅಂತ ಹಾಕಿದ್ರೆ ಪಿನ್ ನಿಮ್ಮನ್ನ ದೇವಿ ದೇವಸ್ಥಾನದ ಮುಂದೆ ಬಿಡುತ್ತೆ. ಜನ ಹೆಚ್ಚಾಗಿ ಇಳಿಯೋ ಕುಂಡಗಳು ಅಕ್ಲೋಲಿ ಕಡೆ. "ಅಕ್ಲೋಲಿ ಕುಂಡ್" ಅಂತಾನೇ ಹಾಕಿ, ಆಮೇಲೆ ಸ್ಯಾಟಲೈಟ್ ಚಿತ್ರ ತೆಗೆದು ಹೊಳೆ ಪಕ್ಕ ಚೌಕ ಚೌಕ ಕಾಣುತ್ತಾ ನೋಡಿ. ಪಿನ್ ಹೊಳೆಯಿಂದ ದೂರ ಹೊಲದ ಮಧ್ಯ ಬಿದ್ದಿದ್ರೆ ಅದು ತಪ್ಪು ಪಿನ್.

ಮೂರನೇದು, ಜನ ಹಾಕಿರೋ ಫೋಟೋಗಳನ್ನ ಹೊಸದು ಮೊದಲು ಬರೋ ಹಾಗೆ ಜೋಡಿಸಿ, ಕಳೆದ 2-3 ವಾರದ್ದು ಮಾತ್ರ ನೋಡಿ. ನೀರಿನ ಬಣ್ಣ, ಮೆಟ್ಟಿಲ ಮಟ್ಟ, ಕಸ, ಯಾರಾದ್ರೂ ನೀರೊಳಗೆ ಕೂತಿದ್ದಾರಾ ಅಥವಾ ದಡದಲ್ಲೇ ನಿಂತಿದ್ದಾರಾ. ಎಲ್ಲರೂ ದಡದಲ್ಲೇ ನಿಂತಿದ್ರೆ ಕಾರಣ ಇರುತ್ತೆ. ಮ್ಯಾಪ್‌ನ ಆಫ್‌ಲೈನ್ ಡೌನ್‌ಲೋಡ್ ಮಾಡಿಟ್ಕೊಳ್ಳಿ, ಒಳರಸ್ತೆಯಲ್ಲಿ ನೆಟ್‌ವರ್ಕ್ ನಂಬೋಕಾಗಲ್ಲ.

## ಹಂತ 4: ಯಾರು ನೀರಿಗೆ ಇಳೀಬಾರ್ದು ಅಂತ ಮನೆಯಲ್ಲೇ ತೀರ್ಮಾನ ಮಾಡಿ

ಇದನ್ನ ಅಲ್ಲಿ ಹೋಗಿ ಮಾತಾಡೋಕೆ ಆಗಲ್ಲ, ಅಷ್ಟು ದೂರ ಬಂದ್ಮೇಲೆ "ಒಂದ್ಸಲ ಮುಳುಗಿ ಬಿಡ್ತೀನಿ" ಅಂತಾರೆ, ಇಲ್ಲ ಅನ್ನೋಕೆ ಬಾಯಿ ಬರಲ್ಲ. ಬಸುರಿಯರು, ಹೃದಯದ ತೊಂದರೆ ಇರೋರು, ಬಿಪಿ ಹತೋಟಿಯಲ್ಲಿ ಇಲ್ದೋರು, ಮೈಮೇಲೆ ಗಾಯ ಇರೋರು, 5 ವರ್ಷದೊಳಗಿನ ಮಕ್ಕಳು, ಇವರು ಇಳಿಯೋದು ಬೇಡ. ಬಿಪಿ ಮಾತ್ರೆ ತಗೊಳ್ಳೋರು ಮೊದಲೇ ಡಾಕ್ಟ್ರನ್ನ ಕೇಳಿ, ಬಿಸಿನೀರಲ್ಲಿ ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತೆ, ಮಾತ್ರೆನೂ ಇಳಿಸುತ್ತೆ, ಎರಡೂ ಸೇರಿದ್ರೆ ಎದ್ದು ನಿಂತ ಕೂಡ್ಲೇ ಕಣ್ಣು ಕತ್ತಲೆ.

ಇದರಲ್ಲಿ ಯಾರೂ ಯೋಚಿಸದೇ ಇರೋದು ಸಕ್ಕರೆ ಕಾಯಿಲೆಯವ್ರ ಪಾದ. ಬಹಳ ವರ್ಷದಿಂದ ಶುಗರ್ ಇದ್ರೆ ಪಾದಕ್ಕೆ ಬಿಸಿ ಗೊತ್ತಾಗೋದು ಕಮ್ಮಿ ಆಗಿರುತ್ತೆ. ನಮ್ಮ ಸಂಬಂಧಿಕರೊಬ್ರು ಅತ್ತೆ, "ಏನೂ ಸುಡಲ್ಲ ಮಾರಾಯ್ತಿ, ಹಿತವಾಗಿದೆ" ಅಂತ ಕಾಲು ಇಳಿಬಿಟ್ಟು ಕೂತಿದ್ರು, ಸಂಜೆ ಮನೆಗೆ ಬಂದು ನೋಡಿದ್ರೆ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು, ಅದು ವಾಸಿಯಾಗೋಕೆ ತಿಂಗಳುಗಟ್ಟಲೆ ಹಿಡೀತು. ಕಾಲುನೋವಿಗೆ ಒಳ್ಳೇದು ಅಂತ ಹಿರಿಯರನ್ನ ಕರ್ಕೊಂಡು ಹೋಗೋರು ಈ ಒಂದು ಮಾತು ಮರೀಬೇಡಿ.

ಕುಡಿದವ್ರನ್ನ ನೀರಿಗೆ ಬಿಡ್ಲೇಬೇಡಿ.

## ಹಂತ 5: ಬ್ಯಾಗಲ್ಲಿ ಏನಿರಬೇಕು

ಎಲ್ಲಕ್ಕಿಂತ ಮೊದಲು ಥರ್ಮಾಮೀಟರ್. ಜ್ವರ ನೋಡೋದಲ್ಲ, ಅದು 42-43 ಡಿಗ್ರಿ ಸೆಲ್ಸಿಯಸ್ ಮೇಲೆ ತೋರ್ಸಲ್ಲ. ಹಾಲು, ಎಣ್ಣೆ ಬಿಸಿ ನೋಡೋ ಉದ್ದ ಕಡ್ಡಿಯ ಡಿಜಿಟಲ್ ಥರ್ಮಾಮೀಟರ್ ಆನ್‌ಲೈನಲ್ಲಿ ಸಿಗುತ್ತೆ, ಬೆಲೆ ಏನೂ ಜಾಸ್ತಿ ಇಲ್ಲ. ಅದಕ್ಕೊಂದು ಉದ್ದ ದಾರ ಕಟ್ಟಿ, ಬಗ್ಗಿ ನೋಡೋ ಕೆಲಸ ತಪ್ಪುತ್ತೆ. ಒಂದು ಪ್ಲಾಸ್ಟಿಕ್ ಚೊಂಬು ಬೇಕು, ಮೈಮೇಲೆ ಹೊಯ್ಕೊಳ್ಳೋಕೆ. ಹಿಂದೆ ಪಟ್ಟಿ ಇರೋ ರಬ್ಬರ್ ಚಪ್ಪಲಿ, ಹವಾಯಿ ಚಪ್ಪಲಿ ಪಾಚಿ ಮೇಲೆ ಜಾರುತ್ತೆ.

ಒಬ್ಬೊಬ್ರಿಗೆ 2 ಲೀಟರ್ ಕುಡಿಯೋ ನೀರು, ಎರಡು ಓಆರ್‌ಎಸ್ ಪ್ಯಾಕೆಟ್. ದಪ್ಪ ಟರ್ಕಿ ಟವೆಲ್ ಬೇಡ, ಒದ್ದೆಯಾದ್ರೆ ಕಲ್ಲಿನ ಹಾಗೆ ಭಾರ, ಎರಡು ಬೈರಾಸು ಸಾಕು, ಬೇಗ ಒಣಗುತ್ತೆ. ಹೆಂಗಸ್ರಿಗೆ ಬಟ್ಟೆ ಬದಲಾಯಿಸೋ ಜಾಗ ಎಲ್ಲಾ ಕಡೆ ಸರಿಯಾಗಿ ಇರಲ್ಲ, ಒಂದು ಹಳೇ ಸೀರೆ ತಗೊಂಡ್ರೆ ಇಬ್ರು ಹಿಡಿದ್ರೆ ಮರೆಯಾಯ್ತು, ನೈಟಿ ಇದ್ರೆ ಇನ್ನೂ ಸುಲಭ. ಕಪ್ಪು ಅಥವಾ ಗಾಢ ಬಣ್ಣದ ಹತ್ತಿ ಬಟ್ಟೆ. ಬೆಳ್ಳಿ ಕಾಲುಂಗುರ, ಗೆಜ್ಜೆ, ಸರ ಮನೆಯಲ್ಲೇ ತೆಗ್ದಿಡಿ, ಖನಿಜದ ನೀರಿಗೆ ಬೆಳ್ಳಿ ಕಪ್ಪಾಗಬಹುದು, ಲೋಹ ಬಿಸಿಯಾದ್ರೆ ಚರ್ಮಾನೂ ಸುಡುತ್ತೆ. ಚಿಲ್ಲರೆ ದುಡ್ಡು ಇರ್ಲಿ. ಸೋಪು ಶಾಂಪೂ ಬೇಡವೇ ಬೇಡ, ಅದು ಎಲ್ಲರೂ ಕೂರೋ ನೀರು.

## ಹಂತ 6: ದಾರಿ

ಕಾರು ಅಥವಾ ಬೈಕಲ್ಲಿ ವೆಸ್ಟರ್ನ್ ಲೈನ್ ಕಡೆಯಿಂದ ಹೋಗೋದಾದ್ರೆ ಅಹಮದಾಬಾದ್ ಹೈವೇ (ಎನ್‌ಎಚ್ 48) ಹಿಡೀರಿ, ಘೋಡ್‌ಬಂದರ್ ಹತ್ತಿರದ ವರ್ಸೋವಾ ಸೇತುವೆ ದಾಟಿ, ವಸಯಿ ವಿರಾರ್ ಫಾಟಾ ಎಲ್ಲಾ ಹಿಂದೆ ಬಿಟ್ಟು ಶಿರ್ಸಾಡ್ ಫಾಟಾದಲ್ಲಿ ಬಲಕ್ಕೆ. ಆಮೇಲೆ ಮಾಂಡ್ವಿ, ಪಾರೋಲ್, ಉಸಗಾಂವ್ ದಾಟಿದ್ರೆ ವಜ್ರೇಶ್ವರಿ. ಖಾನಿವಡೆ ಟೋಲ್ ನಾಕಾ ಕಣ್ಣಿಗೆ ಬಿತ್ತು ಅಂದ್ರೆ ತಿರುವು ತಪ್ಪಿಸ್ಕೊಂಡಿದ್ದೀರಿ, ಮುಂದೆ ಯೂಟರ್ನ್ ಸಿಗೋ ತನಕ ಹೋಗಿ ವಾಪಸ್ ಬನ್ನಿ, ಹೈವೇಯಲ್ಲಿ ಉಲ್ಟಾ ಬರಬೇಡಿ, ಅಲ್ಲಿ ಟ್ರಕ್ ಜಾಸ್ತಿ. ವರ್ಸೋವಾ ಸೇತುವೆಯನ್ನ ಬೆಳಗ್ಗೆ 6ರ ಒಳಗೆ ದಾಟಿದ್ರೆ ನಿಮ್ಮ ದಿನ ಉಳಿಯಿತು, ಆಮೇಲೆ ಅಲ್ಲಿ ಜಾಮ್ ಶುರುವಾದ್ರೆ ಹೇಳೋಕಾಗಲ್ಲ.

ಥಾಣೆ, ಕಲ್ಯಾಣ್, ಡೊಂಬಿವಲಿಯವ್ರು ಭಿವಂಡಿ ಮೇಲಿಂದ ವಾಡಾ ರಸ್ತೆ ಹಿಡಿದು ಅಂಬಾಡಿ ನಾಕಾದಲ್ಲಿ ಎಡಕ್ಕೆ ತಿರುಗಿ. ದೂರ ಕಮ್ಮಿ ಆದ್ರೆ ಗೋಡೌನ್ ಲಾರಿಗಳ ರಸ್ತೆ, ಇದಕ್ಕೂ ಬೆಳಗಿನ ಜಾವವೇ ಸರಿ.

ಟ್ರೇನಲ್ಲಿ ಆದ್ರೆ ಚರ್ಚ್‌ಗೇಟಿಂದ ವಿರಾರ್ 60 ಕಿ.ಮೀ., ಅಲ್ಲಿಂದ ವಜ್ರೇಶ್ವರಿ ಇನ್ನೊಂದು 30 ಕಿ.ಮೀ. ವಿರಾರಲ್ಲಿ ಇಳಿದು ಬಸ್ ಕೇಳಿ, ವಸಯಿ ರೋಡಿಂದಲೂ ಹೋಗಬಹುದು, ಸೆಂಟ್ರಲ್ ಲೈನ್ ಕಡೆಯವ್ರಿಗೆ ಭಿವಂಡಿ ಎಸ್‌ಟಿ (ಸರ್ಕಾರಿ ಬಸ್) ಸ್ಟ್ಯಾಂಡ್. ಬಸ್ ಬೋರ್ಡು ಮರಾಠಿಯಲ್ಲಿ, ನಂಬರ್ ಕೂಡ ಎಷ್ಟೋ ಸಲ ದೇವನಾಗರಿಯಲ್ಲೇ ಇರುತ್ತೆ, ಓದೋಕೆ ಬರಲ್ಲ ಅಂದ್ರೆ ಸಂಕೋಚ ಬೇಡ, "ವಜ್ರೇಶ್ವರಿ ಲಾ ಜಾಣಾರ್ ಕಾ?" ಅಂತ ಕಂಡಕ್ಟರನ್ನ ಕೇಳಿ. ಇಳಿದ್ಮೇಲೆ "ಗರಮ್ ಪಾಣ್ಯಾಚೇ ಕುಂಡ್ ಕುಠೇ ಆಹೇ?" ಅಂದ್ರೆ ಅಲ್ಲಿ ಮಕ್ಕಳೂ ದಾರಿ ತೋರಿಸ್ತಾರೆ.

ಇಲ್ಲಿ ಆಗೋ ದೊಡ್ಡ ತಪ್ಪು, ಹೋಗೋ ಬಸ್ ಮಾತ್ರ ಕೇಳೋದು. ಬಸ್ಸಿಂದ ಇಳಿಯೋ ಮುಂಚೆನೇ ವಾಪಸ್ ಬರೋ ಕೊನೇ ಬಸ್ ಎಷ್ಟೊತ್ತಿಗೆ ಅಂತ ಕೇಳಿ, ಅದಕ್ಕಿಂತ ಎರಡು ಬಸ್ ಮುಂಚಿನದ್ದು ನಿಮ್ಮದು ಅಂತ ಲೆಕ್ಕ ಇಟ್ಕೊಳ್ಳಿ. ಶೇರ್ ರಿಕ್ಷಾ ಸಿಗುತ್ತೆ ಆದ್ರೆ ಹತ್ತೋ ಮುಂಚೆ ರೇಟ್ ಒಪ್ಪಿಸ್ಕೊಳ್ಳಿ.

## ಹಂತ 7: ತಲುಪಿದ್ಮೇಲೆ ಮೊದಲ ಹದಿನೈದು ನಿಮಿಷ ಬರೀ ನೋಡೋದು

ಬಟ್ಟೆ ಬಿಚ್ಚಬೇಡಿ, ಬ್ಯಾಗ್ ಇಳಿಸಿ, ಮಕ್ಕಳ ಕೈ ಹಿಡ್ಕೊಂಡು ನಿಲ್ಲಿ. ಇಷ್ಟೆಲ್ಲಾ ಬರೆಯೋಕೆ ಮುಖ್ಯ ಕಾರಣ ಈ ಹದಿನೈದು ನಿಮಿಷ.

ಮೊದಲು ನೀರಿನ ಹರಿವು ನೋಡಿ. ಒಳ್ಳೇ ಕುಂಡದಲ್ಲಿ ತಳದಿಂದ ಗುಳ್ಳೆ ಏಳ್ತಾ ಇರುತ್ತೆ, ಒಂದು ಕಡೆಯಿಂದ ನೀರು ಹೊರಗೆ ಹರೀತಾ ಇರುತ್ತೆ. ನಿಂತ ನೀರು, ಮೇಲೆ ಎಣ್ಣೆ ಪೊರೆ, ಹೂವು ಕೊಳೆತ ವಾಸನೆ ಇದ್ರೆ ಅದು ಎಷ್ಟೇ ಪವಿತ್ರ ಅಂದ್ರೂ ಇಳೀಬೇಡಿ. ಸ್ವಲ್ಪ ಗಂಧಕದ ಥರ ವಾಸನೆ ಬಂದ್ರೆ ಹೆದರೋದು ಬೇಡ, ಕೊಳೆತ ವಾಸನೆ ಬೇರೆ ಅದು ಬೇರೆ.

ಆಮೇಲೆ ಊರವ್ರು ಯಾವ ಕುಂಡದಲ್ಲಿ ಕೂತಿದ್ದಾರೆ ನೋಡಿ. ಖಾಲಿ ಇರೋ ಕುಂಡ ಕಂಡ ಕೂಡ್ಲೇ ಖುಷಿಯಾಗಿ ಓಡ್ತೀವಿ ನಾವು, ಅದು ಖಾಲಿ ಇರೋದು ಎಲ್ಲಕ್ಕಿಂತ ಬಿಸಿ ಅದು ಅನ್ನೋ ಕಾರಣಕ್ಕೆ ಇರಬಹುದು.

ಈಗ ಥರ್ಮಾಮೀಟರ್. ದಾರ ಹಿಡಿದು ಮೂರು ಕಡೆ ಇಳಿಸಿ, ದಡದ ಹತ್ತಿರ, ಮಧ್ಯದಲ್ಲಿ, ಗುಳ್ಳೆ ಏಳೋ ಕಡೆ. ಮೇಲೆ ಒಂದು ಬಿಸಿ ತಳದಲ್ಲಿ ಒಂದು ಬಿಸಿ ಇರುತ್ತೆ, ಹಾಗಾಗಿ ಪಾದ ಊರೋ ಆಳಕ್ಕೂ ಇಳಿಸಿ ನೋಡಿ. ಈ ಬುಗ್ಗೆಗಳ ಬಾಯಿ ಹತ್ತಿರ 50 ಡಿಗ್ರಿ ಆಸುಪಾಸು ಇರೋದು ಮಾಮೂಲು. ಅಂಕಿ ಹೀಗೆ ನೆನಪಿಟ್ಕೊಳ್ಳಿ, ಎಲ್ಲಾ ಸೆಲ್ಸಿಯಸ್:

38ರಿಂದ 40: ಆರೋಗ್ಯವಂತರು ಕೂರಬಹುದು.
41ರಿಂದ 43: ಒಂದೆರಡು ನಿಮಿಷ, ಸೊಂಟದ ತನಕ ಮಾತ್ರ. ಮಕ್ಕಳಿಗೆ ಬೇಡ.
44ರಿಂದ 47: ಕುಂಡದೊಳಗೆ ಇಳೀಬೇಡಿ, ಚೊಂಬಲ್ಲಿ ತೆಗೆದು ತಣ್ಣೀರು ಬೆರೆಸಿ ಹೊಯ್ಕೊಳ್ಳಿ.
48ರ ಮೇಲೆ: ಕೈಯನ್ನೂ ಹಾಕಬೇಡಿ.

ಕೊನೇದನ್ನ ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ 49 ಡಿಗ್ರಿ ನೀರಲ್ಲಿ ದೊಡ್ಡವ್ರ ಚರ್ಮ ಸುಮಾರು 5 ನಿಮಿಷಕ್ಕೆ ಗಂಭೀರವಾಗಿ ಸುಡುತ್ತೆ, 54ಕ್ಕೆ ಅರ್ಧ ನಿಮಿಷ ಸಾಕು, 60ಕ್ಕೆ ಬರೀ 5 ಸೆಕೆಂಡ್. ಮಕ್ಕಳ ಚರ್ಮ ತೆಳು, ಅವ್ರಿಗೆ ಇದಕ್ಕಿಂತ ಬೇಗ. "ಅಭ್ಯಾಸ ಆಗುತ್ತೆ" ಅಂತ ಪಕ್ಕದವ್ರು ಹೇಳ್ತಾರೆ, ಹೌದು, ಉರಿ ಅನ್ನಿಸೋದು ಸ್ವಲ್ಪ ಹೊತ್ತಿಗೆ ಕಮ್ಮಿ ಆಗುತ್ತೆ, ಸುಡೋದು ಕಮ್ಮಿ ಆಗಲ್ಲ.

ಥರ್ಮಾಮೀಟರ್ ಮರೆತು ಬಂದಿದ್ರೆ ಚೊಂಬಲ್ಲಿ ನೀರು ತೆಗೆದು ಮೊಣಕೈ ಮೇಲೆ ಹೊಯ್ದು ನೋಡಿ, ಬಾಣಂತಿ ಮನೆಯಲ್ಲಿ ಮಗುವಿನ ನೀರು ನೋಡ್ತೀವಲ್ಲ ಹಾಗೆ. ಅಂಗೈ ನಂಬಬೇಡಿ, ಅಡುಗೆ ಮಾಡೋರ ಅಂಗೈ ಬಿಸಿಗೆ ಪಳಗಿರುತ್ತೆ.

ಹೊಳೆ ಕಡೆನೂ ಒಂದು ಕಣ್ಣು ಹಾಕಿ. ನೀರಂಚಲ್ಲಿ ಒಂದು ಕಲ್ಲು ಗುರುತು ಮಾಡಿ, ಆ ಕಲ್ಲು ಮುಳುಗಿದ್ರೆ ಅಥವಾ ನೀರು ಇದ್ದಕ್ಕಿದ್ದ ಹಾಗೆ ಕೆಂಪಾದ್ರೆ ಸಾಮಾನು ಎತ್ಕೊಂಡು ಮೇಲೆ ಬನ್ನಿ. ಹೊಳೆಯಲ್ಲಿ ಈಜೋದು ಬೇಡ, ಮೇಲೆ ಶಾಂತ ಇದ್ರೂ ಒಳಗೆ ಗುಂಡಿ ಇರುತ್ತೆ.

## ಹಂತ 8: ಇಳಿಯೋ ಕ್ರಮ

ಹೊಟ್ಟೆ ತುಂಬಾ ತಿಂದು ಇಳೀಬೇಡಿ, ಉಪವಾಸದಲ್ಲೂ ಇಳೀಬೇಡಿ. ಎರಡು ಬಾಳೆಹಣ್ಣು, ಒಂದು ಲೋಟ ನೀರು, ಅರ್ಧ ಗಂಟೆ ಬಿಟ್ಟು ಶುರು ಮಾಡಿ. ಒಬ್ರು ದಡದಲ್ಲೇ ಇರಬೇಕು, ಕಣ್ಣು ಗಡಿಯಾರದ ಮೇಲೆ, ಎಲ್ಲರೂ ಒಟ್ಟಿಗೆ ಇಳಿಯೋ ಹಾಗಿಲ್ಲ.

ಮೊದಲು ಚೊಂಬಲ್ಲಿ ಪಾದಕ್ಕೆ, ಆಮೇಲೆ ಮೊಣಕಾಲಿಗೆ, ಆಮೇಲೆ ತೊಡೆಗೆ ನೀರು ಹೊಯ್ಕೊಳ್ಳಿ. ಆಮೇಲೆ ಮೆಟ್ಟಿಲ ಮೇಲೆ ಕೂತು ಪಾದ ಮಾತ್ರ 2 ನಿಮಿಷ. ಸರಿ ಅನ್ನಿಸಿದ್ರೆ ಒಂದು ಮೆಟ್ಟಿಲು ಕೆಳಗೆ, ಸೊಂಟದ ತನಕ. ಎದೆ ತನಕ ಹೋಗಲೇಬೇಕು ಅಂತೇನೂ ಇಲ್ಲ. ನೀರು 38ರಿಂದ 40 ಡಿಗ್ರಿ ಇದ್ರೆ ಒಂದು ಸಲಕ್ಕೆ 5ರಿಂದ 10 ನಿಮಿಷ ಸಾಕು, ಎದ್ದು ಬಂದು ಕಾಲು ಗಂಟೆ ನೆರಳಲ್ಲಿ ಕೂತು ನೀರು ಕುಡಿದು ಬೇಕಾದ್ರೆ ಇನ್ನೊಮ್ಮೆ ಇಳೀರಿ, ಮೂರನೇ ಸಲ ಬೇಡ.

ತಲೆ ಮುಳುಗಿಸಬೇಡಿ. ನನಗೆ ಗೊತ್ತು, ತೀರ್ಥಸ್ನಾನ ಅಂದ್ರೆ ಮೂರು ಮುಳುಗು ಹಾಕಲೇಬೇಕು ಅಂತ ಮನೆಯಲ್ಲಿ ಹೇಳಿಕೊಟ್ಟಿರ್ತಾರೆ, ನಮ್ಮ ಅಮ್ಮನೂ ಹಾಗೇ ಹೇಳೋರು. ಆದ್ರೆ ಬೆಚ್ಚಗಿನ ಸಿಹಿನೀರಲ್ಲಿ ನೆಗ್ಲೇರಿಯಾ ಫೌಲೆರಿ ಅನ್ನೋ ಅಮೀಬಾ ಇರಬಹುದು, ಅದು ಮೂಗಿನ ಮೂಲಕ ನೀರು ಒಳಗೆ ಹೋದಾಗ ಮಿದುಳಿಗೆ ಹತ್ತುತ್ತೆ, ಬರೋದು ಅಪರೂಪ, ಬಂದ್ರೆ ಉಳಿಯೋರು ಬಹಳ ಕಮ್ಮಿ. ಈಚಿನ ವರ್ಷಗಳಲ್ಲಿ ಕೇರಳದಲ್ಲಿ ಮಿದುಳು ತಿನ್ನೋ ಅಮೀಬಾ ಅಂತ ಸುದ್ದಿಯಾಯ್ತಲ್ಲ, ಅದೇ ಜಾತಿಯ ಕಾಯಿಲೆ. ಹಾಗಾಗಿ ನಾವೀಗ ಮಾಡೋದು ಇಷ್ಟೇ, ಮನೆಯಿಂದ ತಂದ ನೀರನ್ನ ತಲೆ ಮೇಲೆ ಮೂರು ಸಲ ಹೊಯ್ಕೊಳ್ಳೋದು, ಕುಂಡದ ನೀರು ಕುತ್ತಿಗೆ ಕೆಳಗೆ ಮಾತ್ರ. ತೀರ್ಥ ಅಂತ ಬಾಯಿಗೆ ಹಾಕ್ಕೊಳ್ಳೋದೂ ಬೇಡ. ಮಕ್ಕಳು ನೀರೆರಚಾಡೋದನ್ನ ಅಲ್ಲೇ ನಿಲ್ಲಿಸಿ, ಮೂಗಿಗೆ ನೀರು ಹೋಗೋದು ಹಾಗೇ.

ಈ ಲಕ್ಷಣ ಕಂಡ್ರೆ ಕೂಡ್ಲೇ ಮೇಲೆ ಬನ್ನಿ: ಎದೆ ಡವಡವ ಜೋರಾಗೋದು, ಕಿವಿ ಗುಂಯ್ ಅನ್ನೋದು, ವಾಕರಿಕೆ, ತಲೆನೋವು, ಬೆವರು ನಿಂತುಹೋಗೋದು, ಮಾತು ತೊದಲೋದು, ಚರ್ಮ ಟೊಮ್ಯಾಟೋ ಥರ ಕೆಂಪಾಗೋದು. ಕೆಲವರು ಸುಮ್ಮನೆ ಮಂಕಾಗಿ ಕೂತುಬಿಡ್ತಾರೆ, ಕೇಳಿದ್ರೆ "ಚೆನ್ನಾಗಿದೆ" ಅಂತಾರೆ, ದಡದಲ್ಲಿರೋರು ಅವ್ರನ್ನ ಎರಡು ನಿಮಿಷಕ್ಕೊಮ್ಮೆ ಮಾತಾಡಿಸ್ತಾ ಇರಬೇಕು. ಏಳುವಾಗ ಒಮ್ಮೆಲೇ ಎದ್ದು ನಿಲ್ಲಬೇಡಿ, ಮೊದಲು ಮೇಲಿನ ಮೆಟ್ಟಿಲ ಮೇಲೆ ಒಂದು ನಿಮಿಷ ಕೂತು, ಆಮೇಲೆ ಇನ್ನೊಬ್ರ ಕೈ ಹಿಡಿದು ಏಳಿ.

## ಹಂತ 9: ಏನಾದ್ರೂ ಎಡವಟ್ಟಾದ್ರೆ

ತಲೆ ಸುತ್ತಿ ಬಿದ್ರೆ ನೆರಳಿಗೆ ಎಳೆದು ಮಲಗಿಸಿ, ಕಾಲು ಬ್ಯಾಗ್ ಮೇಲೆ ಎತ್ತಿಡಿ, ಒದ್ದೆ ಬೈರಾಸಿಂದ ಕುತ್ತಿಗೆ ಕಂಕುಳು ಒರೆಸಿ, ಎಚ್ಚರ ಪೂರ್ತಿ ಬಂದ್ಮೇಲೆ ಮಾತ್ರ ಓಆರ್‌ಎಸ್ ಕುಡಿಸಿ. ಎಚ್ಚರ ಇಲ್ದೋರ ಬಾಯಿಗೆ ನೀರು ಹಾಕಬೇಡಿ. ಒಂದೆರಡು ನಿಮಿಷದಲ್ಲಿ ಸರಿ ಹೋಗ್ಲಿಲ್ಲ ಅಂದ್ರೆ 108ಕ್ಕೆ ಫೋನ್ ಮಾಡಿ.

ಸುಟ್ರೆ ಕುಡಿಯೋಕೆ ತಂದ ತಣ್ಣೀರು ಅಥವಾ ಹತ್ತಿರದ ನಲ್ಲಿ ನೀರನ್ನ 20 ನಿಮಿಷ ಬಿಡದೇ ಹೊಯ್ತಾ ಇರಿ. ಐಸ್, ಟೂತ್‌ಪೇಸ್ಟ್, ತುಪ್ಪ, ಅರಿಶಿಣ ಏನೂ ಹಚ್ಚಬೇಡಿ. ಬೊಬ್ಬೆ ಒಡೀಬೇಡಿ. ಮಕ್ಕಳಿಗೆ, ಶುಗರ್ ಇರೋರಿಗೆ ಸುಟ್ಟಿದ್ದು ಸಣ್ಣದು ಅನ್ನಿಸಿದ್ರೂ ಅದೇ ದಿನ ಡಾಕ್ಟ್ರಿಗೆ ತೋರಿಸಿ.

ಮನೆಗೆ ಬಂದು ಒಂದೆರಡು ವಾರದೊಳಗೆ ಜೋರು ತಲೆನೋವು, ಜ್ವರ, ವಾಂತಿ, ಕುತ್ತಿಗೆ ಬಿಗಿತ ಬಂದ್ರೆ ಆಸ್ಪತ್ರೆಯಲ್ಲಿ "ಬಿಸಿನೀರಿನ ಕುಂಡಕ್ಕೆ ಇಳಿದಿದ್ವಿ" ಅಂತ ನೀವಾಗಿಯೇ ಹೇಳಬೇಕು, ಅವ್ರಾಗಿ ಕೇಳೋದು ಅಪರೂಪ.

## ಹಂತ 10: ವಾಪಸ್

ಹೊರಗೆ ಬಂದ್ಮೇಲೆ ನಲ್ಲಿ ನೀರಲ್ಲಿ ಮೈ ತೊಳ್ಕೊಳ್ಳಿ, ಖನಿಜ ಹಾಗೇ ಒಣಗಿದ್ರೆ ಕೆಲವರಿಗೆ ತುರಿಕೆ ಬರುತ್ತೆ. ಒಣಗಿದ ಬಟ್ಟೆ ಹಾಕಿ, ಅರ್ಧ ಲೀಟರ್ ನೀರು ನಿಧಾನಕ್ಕೆ ಕುಡೀರಿ, ಆಮೇಲೆ ಊಟ. ದರ್ಶನ ಇದ್ರೆ ಈಗ ಮಾಡಿ, ವಜ್ರೇಶ್ವರಿಯಲ್ಲಿ ಮೆಟ್ಟಿಲಿದೆ, ಸ್ನಾನ ಆದ ತಕ್ಷಣ ಹತ್ತಬೇಡಿ, ಅರ್ಧ ಗಂಟೆ ಬಿಡಿ.

ಬಿಸಿನೀರಲ್ಲಿ ಕೂತು ಬಂದವ್ರಿಗೆ ಗಾಡಿಯಲ್ಲಿ ನಿದ್ದೆ ಬಂದೇ ಬರುತ್ತೆ, ಡ್ರೈವ್ ಮಾಡೋರು ಎರಡನೇ ಸಲ ನೀರಿಗೆ ಇಳಿಯೋದೇ ಬೇಡ, ಊಟ ಆದ್ಮೇಲೆ ಅರ್ಧ ಗಂಟೆ ಸೀಟ್ ಹಿಂದೆ ಮಾಡಿ ಮಲಗಿ. ಮಧ್ಯಾಹ್ನ 2ಕ್ಕೆ ಹೊರಟ್ರೆ ಸಂಜೆ ಟ್ರಾಫಿಕ್ ಮುಂಚೆ ವರ್ಸೋವಾ ಸೇತುವೆ ದಾಟ್ತೀರಿ, ಬಸ್ಸಲ್ಲಿ ಬಂದವ್ರು 3ರ ಒಳಗೆ ಸ್ಟ್ಯಾಂಡಲ್ಲಿ ಇರಿ. ಒದ್ದೆ ಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ್ದನ್ನ ಮನೆಗೆ ಬಂದ ಕೂಡ್ಲೇ ತೆಗೆದು ನೆನೆಹಾಕಿ, ಮಾರನೇ ದಿನಕ್ಕೆ ಬಿಟ್ರೆ ಆ ವಾಸನೆ ಎರಡು ಸಲ ಒಗೆದ್ರೂ ಹೋಗಲ್ಲ. ಥರ್ಮಾಮೀಟರ್ ಒರೆಸಿ ಅದೇ ಬ್ಯಾಗಲ್ಲೇ ಇಡಿ, ಯಾವ ಕುಂಡದಲ್ಲಿ ಎಷ್ಟು ಡಿಗ್ರಿ ಇತ್ತು ಅಂತ ಫೋನಲ್ಲಿ ಬರ್ಕೊಳ್ಳಿ, ಮುಂದಿನ ಸಲ ಹೋಗುವಾಗ ಎಲ್ಲಿಂದ ಅಳೆಯೋಕೆ ಶುರು ಮಾಡಬೇಕು ಅಂತ ಗೊತ್ತಿರುತ್ತೆ.